ಹನ್ನೆರಡಕ್ಕೆ ಮುಂಚೆ, ಹನ್ನೆರಡರ ಮೇಲೆ

ಸರ್ಕಾರ ಹತ್ತು ವರ್ಷಕ್ಕೊಂದು ಸಲ ದೇಶದ ತಲೆ ಎಣಿಸುತ್ತದೆ. ಎಣಿಸಲಿ, ಬೇಡ ಅಂದವರು ಯಾರು? ಆದರೆ ಎಣಿಸುವ ಇಪ್ಪತ್ತು ದಿನವೂ ಸಾಯುವವರು ಸಾಯುತ್ತಲೇ ಇರುತ್ತಾರೆ, ಹುಟ್ಟುವವರು ಹುಟ್ಟುತ್ತಲೇ ಇರುತ್ತಾರೆ. ಸರ್ಕಾರಕ್ಕೋಸ್ಕರ ಯಾರೂ ಉಸಿರು ಬಿಗಿಹಿಡಿದು ಕೂರುವುದಿಲ್ಲವಲ್ಲ! ಅದಕ್ಕೇ ಒಂದು ಗಳಿಗೆ ಗೊತ್ತು ಮಾಡಿರುತ್ತಾರೆ. ಆ ಗಳಿಗೆಯಲ್ಲಿ ಜೀವ ಇದ್ದವರು ಲೆಕ್ಕಕ್ಕುಂಟು, ಇಲ್ಲದವರು ಇಲ್ಲ. ಮುಂಚೆ ಅದು ಮಾರ್ಚಿ ಒಂದನೇ ತಾರೀಕಿನ ಸೂರ್ಯೋದಯ ಆಗಿತ್ತು. ಎರಡು ಸಾವಿರದ ಒಂದನೇ ಇಸವಿಯ ಗಣತಿಯಲ್ಲಿ ಅದನ್ನು ಹಿಂದಕ್ಕೆ ತಂದು, ಫೆಬ್ರವರಿ ಇಪ್ಪತ್ತೆಂಟು ಮುಗಿದು ರಾತ್ರಿ ಹನ್ನೆರಡಾಗುವ ಗಳಿಗೆ ಅಂತ ಮಾಡಿದರು.

ಆ ಇಪ್ಪತ್ತೆಂಟನೇ ತಾರೀಕು ಬುಧವಾರ ರಾತ್ರಿಯೇ ಅನಂತರಾಜು ಮೇಷ್ಟ್ರ ಹೆಂಡತಿ ಅಂಬುಜಮ್ಮ ಹೋಗಿಬಿಟ್ಟಳು. ಗುರುವಾರ ಮಣ್ಣು ಮಾಡಿದರು, ಶನಿವಾರ ಹಾಲುತುಪ್ಪ ಬಿಟ್ಟರು. ಸೋಮವಾರ ಬೆಳಗ್ಗೆ ಮೇಷ್ಟ್ರು ಗಣತಿಯ ಚೀಲ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದರು. ಫಾರಂ ತುಂಬಿದ ಮೇಲೆ ಇನ್ನೊಂದು ಸುತ್ತು ಬಂದು ಸತ್ತವರನ್ನು ತೆಗೆದು ಹುಟ್ಟಿದವರನ್ನು ಸೇರಿಸಬೇಕು. ಅದಕ್ಕೆ ಅವತ್ತೇ ಕಡೇ ದಿನ.

"ಹೆಂಡ್ತಿ ಮಣ್ಣು ಇನ್ನೂ ಆರಿಲ್ಲ, ಇವ್ರಿಗೆ ಜನ ಎಣ್ಸೋ ಚಿಂತೆ" ಅಂತ ಊರಿನವರು ಬಾಯಿ ಮೇಲೆ ಕೈಯಿಟ್ಟುಕೊಂಡರು. ಬೇರೆ ಮೇಷ್ಟ್ರಿಗೆ ವಹಿಸು ಅಂತ ಮಗ ಅಶ್ವಥ್ ಹೇಳಿದ್ದ. ಮೇಷ್ಟ್ರು ಕೇಳಲಿಲ್ಲ. ಹಠಕ್ಕಲ್ಲ. ಮನೆಯಲ್ಲಿ ಕೂತರೂ ಅಷ್ಟೇ, ಬೀದಿಯಲ್ಲಿ ನಡೆದರೂ ಅಷ್ಟೇ, ಅವರಿಗೆ ಏನೂ ಅನ್ನಿಸುತ್ತಿರಲಿಲ್ಲ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಇರುತ್ತದಲ್ಲ, ಹಾಗೆ. ಐದು ದಿನದಲ್ಲಿ ಒಂದು ತೊಟ್ಟು ಕಣ್ಣೀರು ಬಂದಿರಲಿಲ್ಲ.

ಕೂಟಗಲ್ ಹೋಬಳಿಯ ಆ ಊರಲ್ಲಿ ಮೇಷ್ಟ್ರು ತಲೆ ಎಣಿಸುತ್ತಿದ್ದದ್ದು ಇದು ಮೂರನೇ ಸಲ. ಎಂಬತ್ತೊಂದರಲ್ಲಿ ಒಂದೊಂದು ಮನೆಯಲ್ಲೂ ಎಂಟು ಹತ್ತು ಜನ, ಬರೆದೂ ಬರೆದೂ ಬೆರಳು ನೋಯುತ್ತಿತ್ತು. ಈಗ ಮನೆಗೆ ನಾಲ್ಕು, ಬಹಳ ಅಂದರೆ ಐದು. ಆರು ವರ್ಷದ ಕೆಳಗಿನ ಮಕ್ಕಳ ಕಾಲಂನಲ್ಲಿ ಹೆಣ್ಣು ಹೋದ ಸಲಕ್ಕಿಂತ ಕಮ್ಮಿ ಬಿದ್ದಿತ್ತು, ಯಾಕೆ ಅಂತ ಫಾರಂ ಕೇಳಿರಲಿಲ್ಲ. ಊರು ಹಿಂಗೆ ತೆಳ್ಳಗಾಗುತ್ತಿದ್ದರೆ ರಸ್ತೆ ಕಡೆ ಬೇರೆಯದೇ ಕಥೆ. ಬಿಡದಿಯ ಫ್ಯಾಕ್ಟರಿಗಳಿಗೆ ಬರುವವರಿಗೆ ಅಂತ ರಸೂಲ್ ಸಾಹೇಬರು ಶೀಟ್ ಹೊದಿಸಿ ಸಾಲಾಗಿ ರೂಮು ಕಟ್ಟಿಸಿದ್ದರು. ಒಂದೊಂದರಲ್ಲಿ ಆರು ಜನ ಒರಿಸ್ಸಾ ಹುಡುಗರು, ಮೂವರು ಮಲಗಿದ್ದರೆ ಮೂವರು ಡ್ಯೂಟಿ. ಒಂದು ಚದರ ಕಿಲೋಮೀಟರಿಗೆ ಇಷ್ಟು ಜನ ಅಂತ ರಾಮನಗರದ ಟ್ರೈನಿಂಗಿನಲ್ಲಿ ಬೋರ್ಡಿನ ಮೇಲೆ ಬರೆದು ತೋರಿಸಿದ್ದರು. ಮೇಷ್ಟ್ರಿಗೆ ಅದು ತಲೆಗೆ ಹತ್ತಿದ್ದು ಆ ರೂಮಿನ ಬಾಗಿಲಲ್ಲಿ ಚಪ್ಪಲಿ ರಾಶಿ ನೋಡಿದಾಗ.

ಸೂತಕದವರು ಇನ್ನೊಬ್ಬರ ಮನೆ ಹೊಸಿಲು ತುಳಿಯಬಾರದು. ಅದಕ್ಕೆ ಮೇಷ್ಟ್ರು ಬೀದಿಯಲ್ಲೇ ನಿಂತು ಕೂಗುತ್ತಿದ್ದರು. "ಯಾರಾದ್ರೂ ಹುಟ್ಟಿದ್ರಾ? ಯಾರಾದ್ರೂ ತೀರ್ಕೊಂಡ್ರಾ?" ಒಳಗಿನಿಂದ "ಇಲ್ಲ ಮೇಷ್ಟ್ರೇ" ಅಂತ ಬರುತ್ತಿತ್ತು. ಕೆಲವು ಹೆಂಗಸರು ಬಾಗಿಲಿಗೆ ಬಂದು ಅವರ ಮುಖ ನೋಡಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮೇಷ್ಟ್ರು ಟಿಕ್ ಹಾಕಿ ಮುಂದಕ್ಕೆ ಹೋಗುತ್ತಿದ್ದರು.

ನಂಜುಂಡಯ್ಯನ ಮಗಳು ಬಾಣಂತನಕ್ಕೆ ಬಂದವಳು ಹೆತ್ತಿದ್ದಳು. "ಗುರುವಾರ ರಾತ್ರಿ ಒಂದ್ ಗಂಟೆಲಿ, ಹೆಣ್ಣು" ಅಂದ ನಂಜುಂಡಯ್ಯ.

"ಬುಧವಾರ ಮಲಗಿ ಗುರುವಾರ ಎದ್ರಲ್ಲ, ಆ ರಾತ್ರಿನಾ?"

"ಅದೇಯ."

"ಹಂಗಾದ್ರೆ ಬರಾಕಿಲ್ಲ. ಹನ್ನೆರಡರ ಮೇಲೆ ಹುಟ್ಟಿದ್ದು ಈ ಲೆಕ್ಕಕ್ಕಿಲ್ಲ."

"ಅಯ್ಯೋ, ಒಂದ್ ಗಂಟೆ ಹೆಚ್ಚುಕಮ್ಮಿಗೆ ಏನ್ ಮೇಷ್ಟ್ರೇ! ನೂರು ಕೋಟಿ ಜನದಾಗೆ ಒಂದ್ ಕೂಸು ಹೆಚ್ಚಾಯ್ತದಾ? ಸೇರ್ಸ್ಕಳಿ."

"ಸುಳ್ಳು ಬರೆಯಕ್ಕಾಗಲ್ಲ ನಂಜುಂಡಯ್ಯ" ಅಂದರು ಮೇಷ್ಟ್ರು. ಅಂದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಯಾಕೆ ಅಂದರೆ, ಊರಿಗೆಲ್ಲ ಅವರು ಹೇಳಿದ್ದೇ ಒಂದು ಸುಳ್ಳು. ಅಂಬುಜಮ್ಮ ಬೆಳಗಿನ ಜಾವ ನಾಲ್ಕಕ್ಕೆ ಹೋದಳು, ತಾವು ಪಕ್ಕದಲ್ಲೇ ಇದ್ದು ಬಾಯಿಗೆ ನೀರು ಬಿಟ್ಟೆವು ಅಂತ. ಹೋಗುವ ಜೀವಕ್ಕೆ ತಮ್ಮವರ ಕೈಯಿಂದ ಒಂದು ಗುಟುಕು ನೀರು ಬೀಳಬೇಕು. ನಮ್ಮ ಕಡೆ ಸಾವಿನ ಮನೆಗೆ ಬಂದವರು ಮೊದಲು ಕೇಳುವುದೇ ಅದನ್ನ. ನೀರಿಲ್ಲದೆ ಹೋಯಿತು ಅಂದರೆ ಆ ಕೊರಗು ಮನೆಯವರನ್ನು ತಲೆಮಾರು ಕಳೆದರೂ ಬಿಡುವುದಿಲ್ಲ.

ಆಗಿದ್ದೇ ಬೇರೆ. ಎದೆ ಹಿಂಡುತ್ತದೆ ಅಂತ ಅಂಬುಜಮ್ಮ ಬುಧವಾರ ಸಾಯಂಕಾಲದಿಂದ ಹೇಳುತ್ತಿದ್ದಳು. ಗ್ಯಾಸು ಇರಬೇಕು, ಜೀರಿಗೆ ಕಷಾಯ ಕುಡಿ ಅಂದು ಮೇಷ್ಟ್ರು ಫಾರಂಗಳ ಮೇಲೆ ಬಗ್ಗಿದರು. ಇಪ್ಪತ್ತು ದಿನ ಬೀದಿ ಅಲೆದ ಮೈ, ಒಂಬತ್ತಕ್ಕೆಲ್ಲ ಬಿದ್ದುಕೊಂಡರು. ಅಶ್ವಥ್ ನೈಟ್ ಶಿಫ್ಟಿಗೆ ಬಿಡದಿಗೆ ಹೋಗಿದ್ದ. ನಿದ್ದೆ ಹತ್ತುವಾಗ ಅವಳು ಕರೆದದ್ದು ಕೇಳಿಸಿತ್ತು. "ರೀ, ಒಸಿ ಎದ್ದೇಳಿ." ಹೂಂ ಅಂದು ಮಗ್ಗುಲು ಬದಲಾಯಿಸಿದ್ದರು. ನಾಲ್ಕಕ್ಕೆ ಅಲಾರಂ ಹೊಡೆದು ಎದ್ದು ಮುಟ್ಟಿದರೆ ತಣ್ಣಗಿದ್ದಳು, ಕೈಕಾಲು ಸೆಟೆದುಕೊಂಡಿತ್ತು. ಪಕ್ಕದಲ್ಲಿ ಇದ್ದದ್ದೇನೋ ನಿಜ, ಎಂಥ ಇರುವಿಕೆ ಅದು!

ಏಳಕ್ಕೆ ಡ್ಯೂಟಿ ಮುಗಿಸಿ ಬಂದ ಮಗ ತಾಯಿ ಕಾಲ ಮೇಲೆ ಬಿದ್ದು, "ನೀರು ಬುಟ್ಟಾ ಅಪ್ಪಾ? ನೀರು ಬುಟ್ಟಾ?" ಅಂತ ಕಿರುಚಿದಾಗ ಮೇಷ್ಟ್ರು ಹೂಂ ಅಂದಿದ್ದರು. ಆ ಹೂಂ ಒಂದನ್ನು ಹಿಡಿದುಕೊಂಡೇ ಅವನು ಎದ್ದು ಕೂತ. ಅವತ್ತಿನಿಂದ ಬಂದವರಿಗೆಲ್ಲ ಅವನೇ ಹೇಳುತ್ತಿದ್ದ. ಹೇಳಿದಷ್ಟೂ ಅವನಿಗೆ ಸಮಾಧಾನ ಆಗುತ್ತಿತ್ತು.

ಮಗ ಅಂದರೆ ಅವನೊಬ್ಬನೇ. ಅದಕ್ಕೂ ಸರ್ಕಾರದ ಲೆಕ್ಕವೇ ಕಾರಣ, ಸುಡುಗಾಡು ಲೆಕ್ಕ! ಎಪ್ಪತ್ತಾರರಲ್ಲಿ ಒಬ್ಬೊಬ್ಬ ಮೇಷ್ಟ್ರೂ ಇಷ್ಟಿಷ್ಟು ಸಂತಾನಹರಣ ಆಪರೇಷನ್ ಕೇಸು ತರಬೇಕು, ಇಲ್ಲದಿದ್ದರೆ ಸಂಬಳ ನಿಲ್ಲುತ್ತದೆ ಅಂದಿದ್ದರು. ಅನಂತರಾಜು ಮೇಷ್ಟ್ರಿಗೆ ಒಂದು ಕೇಸು ಕಮ್ಮಿ ಬಿತ್ತು. ಅಶ್ವಥ್‌ಗೆ ಆಗ ಎರಡು ವರ್ಷ. ಅಂಬುಜಮ್ಮ ಒಂದು ಹೆಣ್ಣು ಬೇಕು ಅಂತಿದ್ದವಳು, ಗಂಡನ ಮುಖ ನೋಡಿ ಮಾತಾಡದೆ ಕ್ಯಾಂಪಿನ ಜೀಪು ಹತ್ತಿದಳು. ದೇಶದ ಜನಸಂಖ್ಯೆ ಇಳಿಸುವ ಭಾರ ಕೂಟಗಲ್ ಹೋಬಳಿಯಲ್ಲಿ ಅವಳ ಹೊಟ್ಟೆಯ ಮೇಲೂ ಬಿತ್ತು. ಆಮೇಲೆ ಪ್ರತಿ ಗಣತಿಯಲ್ಲೂ ಮೇಷ್ಟ್ರು ಮೊದಲು ತುಂಬುತ್ತಿದ್ದದ್ದು ತಮ್ಮ ಮನೆಯ ಫಾರಂ. ಹುಟ್ಟಿದ ಮಕ್ಕಳು ಎಷ್ಟು ಅನ್ನುವಲ್ಲಿ ಒಂದು ಅಂತ ಬರೆಯುವಾಗ ಅವಳು ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು.

ಗುರುವಾರ ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಮೇಷ್ಟ್ರು ಆ ಫಾರಂ ತೆಗೆದು ಎರಡನೇ ಸಾಲಿಗೆ ಅಡ್ಡಗೆರೆ ಎಳೆದಿದ್ದರು. ಮೂರು ಜನ ಇದ್ದದ್ದು ಎರಡಾಯಿತು. ಗೆರೆ ನೆಟ್ಟಗೆ ಬಂದಿತ್ತು.

ಬೀದಿಯ ಕೊನೆಗೆ ತಿಮ್ಮಮ್ಮನ ಮನೆ. ಕುರಿ ಸಾಕುವವರು. ಹಟ್ಟಿಯಲ್ಲಿ ಬೆಳಗ್ಗೆ ಒಂದು ಕುರಿ ಸತ್ತು ಬಿದ್ದಿದ್ದರೆ ಅದರ ಕಾಲು ಮಡಚಿ ನೋಡಿ, ಇದು ಇಂಥ ಹೊತ್ತಿಗೆ ಹೋಯಿತು ಅಂತ ಹೇಳುವ ಹೆಂಗಸು ಅವಳು. ಗುರುವಾರ ಬೆಳಗ್ಗೆ ಅಂಬುಜಮ್ಮನಿಗೆ ಕಡೇ ಸ್ನಾನದ ನೀರು ಹುಯ್ದವಳೂ ಅವಳೇ.

"ನಮ್ಮನೇಲಿ ಎಲ್ಲ ಇದ್ದಂಗೇ ಅವ್ರೆ ಮೇಷ್ಟ್ರೇ" ಅಂದವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಒಂದ್ ಮಾತು, ತಪ್ ತಿಳ್ಕಬ್ಯಾಡಿ. ನೀವು ನಾಕ್ ಗಂಟೆ ಅಂತೀರಿ. ಅಂಬುಜಕ್ಕನ್ನ ಗ್ವಾಡೆಗೆ ಒರಗ್ಸಿ ಕೂರ್ಸಾಕೆ ನಾನೆಷ್ಟು ಕಷ್ಟಪಟ್ಟೆ ಗೊತ್ತಾ? ಮಂಡಿ ಮಡಚ್ತಿರ್ಲಿಲ್ಲ, ಬಿಸಿನೀರು ಹುಯ್ದು ತೀಡ್ದೆ. ಒಂಬತ್ತು ಹತ್ತು ಗಂಟೆಲೇ ಹೋಗ್ಬುಟ್ಟವ್ಳೆ ಕಣಪ್ಪ."

ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿದರು, ಮತ್ತೆ ತೆಗೆದರು.

"ನಾನ್ಯಾರ್ಗೂ ಹೇಳಾಕಿಲ್ಲ ಬುಡಿ" ಅಂದಳು ತಿಮ್ಮಮ್ಮ. "ಹುಡುಗ ತಡ್ಕಳಾಕಿಲ್ಲ."

ಮೇಷ್ಟ್ರು ಅವಳ ಮನೆಯ ಸಾಲಿಗೂ ಟಿಕ್ ಹಾಕಿ ವಾಪಸಾದರು. ಎದೆ ಧಸಕ್ಕೆನ್ನಬೇಕಿತ್ತು, ಅನ್ನಲಿಲ್ಲ.

ಮಧ್ಯಾಹ್ನ ಮೂರಕ್ಕೆ ಗಣತಿಯ ಸೂಪರ್‌ವೈಸರ್ ಶ್ರೀನಿವಾಸ್ ಬಂದ. ಪಕ್ಕದೂರಿನ ಶಾಲೆಯ ಎಳೇ ಮೇಷ್ಟ್ರು, ಒಳ್ಳೆಯವನು. ಪಡಸಾಲೆಯಲ್ಲಿ ಕೂತವನಿಗೆ ಅಶ್ವಥ್ ಎಲ್ಲವನ್ನೂ ಹೇಳಿದ. ನಾಲ್ಕು ಗಂಟೆ, ಅಪ್ಪ ಪಕ್ಕದಲ್ಲೇ ಇದ್ದದ್ದು, ಕೈಯಾರೆ ನೀರು ಬಿಟ್ಟದ್ದು. ಶ್ರೀನಿವಾಸ್ ಚ್ಚು ಚ್ಚು ಅಂದ. ಆಮೇಲೆ ಫಾರಂಗಳನ್ನು ಒಂದೊಂದಾಗಿ ತಿರುವಿದ. ನಂಜುಂಡಯ್ಯನ ಮನೆಯದಕ್ಕೆ ಮೇಷ್ಟ್ರು ಬರೆದು ಸಿಕ್ಕಿಸಿದ್ದ ಚೀಟಿ ಓದಿ, "ಒಂದು ಗಂಟೆಗೆ ಹುಟ್ಟಿದ್ದು, ಸೇರಿಸಿಲ್ಲ, ಸರಿ" ಅಂದ. ಮೇಷ್ಟ್ರ ಮನೆಯ ಫಾರಂ ಬಂದಾಗ ನಿಂತ.

"ಸಾರ್, ಇಲ್ಲೊಂದು ತಪ್ಪಾಗಿದೆ. ಅಮ್ಮ ಹೋಗಿದ್ದು ನಾಕಕ್ಕಲ್ವಾ? ಹನ್ನೆರಡಕ್ಕೆ ಇದ್ರು. ನೀವು ಹೋದ ಸಲದ ಹಂಗೆ ಸೂರ್ಯೋದಯ ಅನ್ಕೊಂಡು ಹೊಡೆದಾಕಿದೀರಿ."

ಅಶ್ವಥ್ ತಟ್ಟನೆ ಮುಂದಕ್ಕೆ ಬಗ್ಗಿದ. "ಅಂದ್ರೆ ಅಮ್ಮನ್ನ ಸೇರಿಸ್ತೀರಾ ಸಾರ್?"

"ಸೇರಿಸ್ಲೇಬೇಕಪ್ಪ. ರೂಲ್ಸೇ ಹಂಗಿದೆ. ಈ ಸಲದ ಲೆಕ್ಕದಲ್ಲಿ ನಿಮ್ಮಮ್ಮ ಇದಾರೆ."

ಅಶ್ವಥ್‌ನ ಮುಖ ಐದು ದಿನದಲ್ಲಿ ಮೊದಲನೇ ಸಲ ಅರಳಿತು. ಏನು ಸಿಕ್ಕಿತು ಅಂತ ಕೇಳಿದರೆ ಅವನಿಗೂ ಹೇಳಲು ಬರುತ್ತಿರಲಿಲ್ಲ, ಆದರೂ ಅರಳಿತು. "ನೋಡಪ್ಪಾ, ಅಮ್ಮ ಇದ್ದಂಗೇ ಲೆಕ್ಕವಂತೆ" ಅಂದ.

ಶ್ರೀನಿವಾಸ್ ಹೊಸ ಫಾರಂ ತೆಗೆದು ಮೇಷ್ಟ್ರ ಮುಂದಿಟ್ಟ. ಮೂರು ಹೆಸರು ಬರೆದು ಸೈನ್ ಹಾಕಿದರೆ ಮುಗಿಯಿತು. ಮೇಷ್ಟ್ರು ಮೊದಲನೇ ಸಾಲಿಗೆ ತಮ್ಮ ಹೆಸರು ಬರೆದರು. ಎರಡನೇ ಸಾಲಿಗೆ ಅಂ ಅಂತ ಬರೆದು ನಿಂತರು. ಬರೆದರೆ ಯಾರಿಗೆ ನಷ್ಟ? ನೂರು ಕೋಟಿಗೆ ಒಂದು ಹೆಚ್ಚಾದರೆ ದೇಶ ಮುಳುಗುವುದಿಲ್ಲ. ಮಗ ಜನ್ಮಪೂರ್ತಿ ನೆಮ್ಮದಿಯಾಗಿರುತ್ತಾನೆ. ಆದರೆ ಕೈ ಏಳಲಿಲ್ಲ. ಅವಳು ಕರೆದದ್ದೂ ಸುಳ್ಳು, ತಾವು ಏಳದೆ ಇದ್ದದ್ದೂ ಸುಳ್ಳು ಅಂತ ತಮ್ಮ ಅಕ್ಷರದಲ್ಲೇ ಬರೆದ ಹಾಗಾಗುತ್ತಿತ್ತು.

"ಬೇಡ" ಅಂದರು. "ನಾಕಕ್ಕಲ್ಲ."

"ಸಾರ್?"

"ಎಷ್ಟೊತ್ತಿಗೆ ಅಂತ ನಂಗೊತ್ತಿಲ್ಲ. ನಾನು ಮಲಗಿದ್ದೆ. ಎದ್ದಾಗ ಕೈಕಾಲೆಲ್ಲ ಸೆಟೆದುಕೊಂಡಿತ್ತು. ಹನ್ನೆರಡಕ್ಕೆ ಅವಳು ಇರ್ಲಿಲ್ಲ."

ಶ್ರೀನಿವಾಸ್ ತಲೆ ತಗ್ಗಿಸಿದ. ಅಶ್ವಥ್ ಅಪ್ಪನನ್ನೇ ನೋಡುತ್ತಿದ್ದ.

"ನೀರು?" ಅಂದ.

"ಬಿಡ್ಲಿಲ್ಲ."

"ಕರುದ್ಲಾ ನಿನ್ನ?"

ಇಲ್ಲ ಅನ್ನಬಹುದಿತ್ತು. ಅಷ್ಟಾದರೂ ಉಳಿಸಬಹುದಿತ್ತು.

"ಕರುದ್ಲು" ಅಂದರು ಮೇಷ್ಟ್ರು.

ಅಷ್ಟರಲ್ಲಿ ಬೀದಿಯಲ್ಲಿ ಆಟೋ ನಿಂತಿತು. ವಿರೂಪಾಕ್ಷಿಪುರದ ಬೋರಲಿಂಗಯ್ಯ, ಅಂಬುಜಮ್ಮನ ದೊಡ್ಡಪ್ಪನ ಮಗ. ಕಣ್ಣಿನ ಆಪರೇಷನ್ ಆಗಿ ಮಣ್ಣಿಗೆ ಬರಲಾಗದವನು, ಕಪ್ಪು ಕನ್ನಡಕ ಹಾಕಿಕೊಂಡು ಈಗ ಬಂದಿದ್ದ. "ಅಯ್ಯೋ ನನ್ ತಂಗೀ" ಅಂತ ಬಾಗಿಲಲ್ಲೇ ದನಿ ತೆಗೆದ. ಅಶ್ವಥ್ ಎದ್ದು ಹೋದ. ಅವನು ಎದ್ದ ರೀತಿಗೆ ಶ್ರೀನಿವಾಸ್ ಹೆದರಿದ. ಮೇಷ್ಟ್ರು ಹೆದರಲಿಲ್ಲ. ಏನು ಹೇಳಿದರೂ ಹೇಳಲಿ, ಊರಿಗೆಲ್ಲ ಸಾರಲಿ ಅಂದುಕೊಂಡು ಕೂತರು.

"ಹೆಂಗಾಯ್ತಪ್ಪಾ ಇದು? ಯಾರಿದ್ರು ಪಕ್ಕದಲ್ಲಿ?" ಅಂತ ಬೋರಲಿಂಗಯ್ಯ ಕೇಳಿದ್ದು ಒಳಗೆ ಕೇಳಿಸಿತು.

ಅಶ್ವಥ್ ಅವನ ಕೈ ಹಿಡಿದು ಜಗಲಿಯ ಮೇಲೆ ಕೂರಿಸಿದ.

"ನಾಕ್ ಗಂಟೆಲಿ, ಮಾವ" ಅಂದ. "ನಮ್ಮಪ್ಪ ಪಕ್ಕದಲ್ಲೇ ಇದ್ರು. ಅವ್ರೇ ಕೈಯಾರೆ ನೀರು ಬುಟ್ರು. ಏನೂ ನೋವು ತಿನ್ಲಿಲ್ಲ ಅಮ್ಮ."

ಅದೇ ಮಾತು, ಅದೇ ಸಾಲು, ಒಂದಕ್ಷರ ಅತ್ತಿತ್ತ ಆಗಿರಲಿಲ್ಲ. ಆದರೆ ಈ ಸಲ ಅವನಿಗೆ ಅದು ಸುಳ್ಳು ಅಂತ ಗೊತ್ತಿತ್ತು. ಮೇಷ್ಟ್ರ ಕೈಯಿಂದ ಪೆನ್ನು ಜಾರಿತು. ಐದು ದಿನದಿಂದ ಎಲ್ಲೋ ಸಿಕ್ಕಿಕೊಂಡಿದ್ದ ಅಳು ಒಂದೇ ಸಲ ಕಿತ್ತುಕೊಂಡು ಬಂತು, ಐವತ್ತೇಳು ವರ್ಷದ ಗಂಡಸು ಫಾರಂಗಳ ಮೇಲೆ ಕವುಚಿ ಬಿದ್ದು ದನದ ಹಾಗೆ ಅರಚಿಕೊಂಡು ಅತ್ತರು. ಶ್ರೀನಿವಾಸ್ ಅವರ ಬೆನ್ನ ಮೇಲೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಫಾರಂಗಳನ್ನು ಈಚೆಗೆ ಎಳೆದುಕೊಂಡ.

ಹೊರಗೆ ಬೋರಲಿಂಗಯ್ಯ ಅಶ್ವಥ್‌ನ ಭುಜ ತಟ್ಟುತ್ತಿದ್ದ. "ಅಳ್ಲಿ ಬುಡ್ಲಾ, ತಡೀಬ್ಯಾಡ. ರಾತ್ರಿಯೆಲ್ಲ ಎದ್ದಿದ್ದು ನೋಡ್ಕಂಡೋರಲ್ವಾ, ಅವರ್ಗೆ ಬರ್ದೆ ಇನ್ಯಾರ್ಗೆ ಬತ್ತದೆ ಅಳು."