ಎಡಗಡೆಯ ಡಬ್ಬಿ

ಗಾಜಿನ ವಾಲ್ವಿನ ರೇಡಿಯೋ, ಆಂಪ್ಲಿಫೈಯರ್ ರಿಪೇರಿಯವನ ಮನೆಯಲ್ಲಿ ಒಂದು ಜೊತೆ ಮಾನೋ ಪ್ರೀಆಂಪ್‌ಗಳಿದ್ದವು. ದನಿ ಹಿಗ್ಗಿಸುವ ಹಳೇ ಕಾಲದ ಡಬ್ಬಿಗಳು, ಒಂದೊಂದಕ್ಕೆ ಒಂದೊಂದೇ ಸ್ಪೀಕರು. ಕಂಡವರ ಜೋಡಿಗಳನ್ನೆಲ್ಲ ಕೂದಲೆಳೆ ವ್ಯತ್ಯಾಸವಿಲ್ಲದಂತೆ ಹೊಂದಿಸಿಕೊಡುತ್ತಿದ್ದ ಈ ಮಹಾನುಭಾವ ತನ್ನ ಜೋಡಿಗೆ ಮಾತ್ರ ಮೂವತ್ತು ವರ್ಷ ಕೈ ಹಚ್ಚಲಿಲ್ಲ. ಎಡಗಡೆಯದರ ವಾಲ್ವ್ ಸವೆದು ದನಿ ಸೊರಗಿತ್ತು, ನೆಗಡಿ ಹಿಡಿದಂತೆ ದಪ್ಪಗೆ ಬರುತ್ತಿತ್ತು. ಹೆಂಡತಿ ಅದರ ವಾಲ್ಯೂಮ್ ಗುಂಡಿಯನ್ನು ಎರಡು ಗೆರೆ ಹೆಚ್ಚೇ ತಿರುಗಿಸಿಟ್ಟಿದ್ದಳು. ಹಾಗಾಗಿ ಯಾವ ಹಾಡಾದರೂ ಎಡಕ್ಕೆ, ಅವಳು ಕೂರುವ ಕಡೆಗೇ ವಾಲುತ್ತಿತ್ತು.

"ಊರಿನ ಜೋಡಿಗಳನ್ನೆಲ್ಲ ಹೊಂದಿಸ್ತೀರಿ, ನಮ್ಮನೇದು ಹೀಗೇ ಕುಂಟ್ತಾ ಇರ್ಬೇಕಾ?" ಎಂದು ರೇಗಿಸುತ್ತಿದ್ದಳು.

"ನಾಳೆ ಕಣೇ."

ಅವಳು ತೀರಿಕೊಂಡ ಮೂರನೇ ತಿಂಗಳಿಗೆ ಆ ನಾಳೆ ಬಂತು. ಅವಳ ದನಿ ಉಳಿದದ್ದು ಒಂದೇ ಟೇಪಿನಲ್ಲಿ, ಮೈಕು ಪರೀಕ್ಷೆಗೆಂದು ಅವನು ಮಾತಾಡಿಸಿದ್ದ ನಾಲ್ಕು ನಿಮಿಷ. ದಿನಾ ಸಂಜೆ ಹಾಕಿದರೆ ಎಡಗಡೆಯ ಬೆತ್ತದ ಕುರ್ಚಿಯಲ್ಲಿ ಅವಳೇ ಕೂತಂತಿರುತ್ತಿತ್ತು. ಇನ್ನೂ ಚೆನ್ನಾಗಿ ಕೇಳಲಿ, ಕೊಟ್ಟ ಮಾತೂ ಉಳಿಯಲಿ ಎಂದು ಹೊಸ ವಾಲ್ವ್ ಹಾಕಿ, ಮೀಟರು ಹಿಡಿದು ಎರಡನ್ನೂ ಸರಿದೂಗಿಸಿದ. ತೆಗೆದ ವಾಲ್ವನ್ನು ರೂಢಿಯಂತೆ ಸುತ್ತಿಗೆಯಿಂದ ಒಡೆದ. ಕೆಟ್ಟ ಮಾಲು ಮತ್ತೆ ಯಾರ ಕೈಗೂ ಹೋಗಬಾರದು ಎಂಬುದು ಅವನ ಅಂಗಡಿಯ ನೇಮ.

ಟೇಪು ಹಾಕಿದ. ದನಿ ಎರಡು ಸ್ಪೀಕರುಗಳ ನಟ್ಟನಡುವಿನ ಬರಿ ಗೋಡೆಯಿಂದ ಬಂತು. ಸ್ವಚ್ಛವಾಗಿ, ವಾರ್ತೆ ಓದುವವಳ ಹಾಗೆ.

"ಎಡಗಡೇದು ಒಂಚೂರು ಜಾಸ್ತಿ ಮಾಡಪ್ಪ, ಅಮ್ಮ ಮಾಡ್ತಿದ್ದಳಲ್ಲ," ಎಂದಳು ಪಕ್ಕದಲ್ಲಿ ಕೂತು ಕೇಳುತ್ತಿದ್ದ ಮಗಳು.

ಗುಂಡಿ ತಿರುಗಿಸಿದ. ದನಿ ಸರಿದು ಕುರ್ಚಿಗೆ ಬಂದು ಕೂತಿತು. ಕೂತವಳು ಮಾತ್ರ ಬೇರೆ ಯಾರೋ. ಟೇಪಿನಲ್ಲಿ ತೆಳ್ಳಗಾಗಿದ್ದ ದನಿಗೆ ಅವಳ ದಪ್ಪ ಗಂಟಲನ್ನು ವಾಪಸು ಕೊಡುತ್ತಿದ್ದದ್ದು ಆ ಸವೆದ ವಾಲ್ವೇ ಎಂದು ಅವನಿಗೆ ಈಗ ತಿಳಿಯಿತು.

"ಹಳೇದು ಎಲ್ಲಪ್ಪ? ಅದನ್ನೇ ಹಾಕು."

ಅವನು ಕಸದ ಬುಟ್ಟಿಯ ಕಡೆ ನೋಡಿದ. ಮಗಳು ಬಗ್ಗಿ ನೋಡಿ ಗಾಜಿನ ಪುಡಿ ಕಂಡಳು.

"ಅಯ್ಯೋ, ಇದನ್ನೂ ಒಡೆದ್ಯಾ! ಇದು ನಮ್ಮನೇದಲ್ವೇನಪ್ಪ?"

"ಕೈ ತಾನೇ ಅದನ್ನ ಒಡೆದುಹಾಕ್ತು ಕಣಮ್ಮ. ನಲವತ್ತು ವರ್ಷ ಒಡೆದೇ ಪಳಗಿದ ಕೈ. ನನ್ನನ್ನ ಕೇಳ್ಲಿಲ್ಲ."

ಟೇಪು ತನ್ನ ಪಾಡಿಗೆ ಓಡುತ್ತಿತ್ತು, ಅದರಲ್ಲಿ ಅವಳು ಹೇಳುತ್ತಿದ್ದಳು: "ಸಾಕು ನಿಮ್ಮ ಪರೀಕ್ಷೆ! ಮೊದ್ಲು ಆ ಎಡಗಡೆ ಡಬ್ಬಿ ಸರಿ ಮಾಡ್ರೀ..."

"ಮಾಡಿಬಿಟ್ಟೆ ಕಣೇ," ಅವನು ಕುರ್ಚಿಗೆ ಹೇಳಿದ.