ಹೊಸ ಮಾಡೆಲಿನ ಬಲಮೂಲೆ

ವರ್ಷಕ್ಕೊಂದು ಹೊಸ ಮಾಡೆಲು ಬರುತ್ತದೆ, ಬರುವಾಗ ಏನನ್ನಾದರೂ ಕಿತ್ತುಕೊಂಡೇ ಬರುತ್ತದೆ. ಮೊದಲು ಬ್ಯಾಟರಿ ಬಿಚ್ಚುವ ಮುಚ್ಚಳ ಹೋಯಿತು. ಆಮೇಲೆ ಇಯರ್‌ಫೋನ್ ಸಿಕ್ಕಿಸುವ ತೂತು ಹೋಯಿತು. ಈ ಸಲ ಮೆಮೊರಿ ಕಾರ್ಡಿನ ಜಾಗಕ್ಕೂ ಎಳ್ಳುನೀರು ಬಿಟ್ಟಿದ್ದಾರೆ. ತೆಳ್ಳಗಾಗಿದೆ, ಹಗುರವಾಗಿದೆ, ಕ್ಯಾಮೆರಾ ಮೂರು, ಬೆನ್ನಿಗೂ ಗಾಜು ಎಂದು ಜಾಹೀರಾತಿನಲ್ಲಿ ಕುಣಿಯುತ್ತಾರೆ. ಫೋನಿನ ಬೆನ್ನಿಗೆ ಗಾಜು ಹಾಕಬೇಕೆಂದು ಹೊಳೆದ ಆ ಮಹಾಶಯ ಜನ್ಮದಲ್ಲಿ ಒಂದು ಲೋಟವನ್ನೂ ಕೈಜಾರಿಸಿರಲಿಕ್ಕಿಲ್ಲ.

ಬೈಯುವ ಹಕ್ಕು ನನಗಿದೆ. ಹದಿನೇಳು ವರ್ಷದಿಂದ ಫೋನ್ ರಿಪೇರಿಯೇ ನನ್ನ ಕಸುಬು. ಅಂಗಡಿ ಅಂದರೆ ಏನು, ಮೆಟ್ಟಿಲ ಕೆಳಗಿನ ಆರಡಿ ಜಾಗ. ಒಂದು ಮೇಜು, ಒಂದು ಭೂತಗನ್ನಡಿ ದೀಪ, ಸ್ಕ್ರೂ ಹಾಕಿಡಲು ಗುಳಿಗುಳಿಯ ತಟ್ಟೆ, ಅಂಟು ಕರಗಿಸುವ ಬಿಸಿ ಹಲಗೆ. ಗಿರಾಕಿಗಳು ನನ್ನನ್ನು 'ಡಾಕ್ಟ್ರೇ' ಎಂದು ಕರೆಯುತ್ತಾರೆ. ನಾನೂ ಉಬ್ಬಿಹೋಗಿದ್ದೆ, ಸುಳ್ಳು ಯಾಕೆ ಹೇಳಲಿ.

ಅಮ್ಮನಿಗೆ ಮರೆವಿನ ಕಾಯಿಲೆ. ನನ್ನ ಹೆಂಡತಿಯನ್ನು ಒಂದು ದಿನ ನರ್ಸ್ ಎನ್ನುತ್ತಾಳೆ, ಒಂದು ದಿನ ತನ್ನ ತಂಗಿ ಎನ್ನುತ್ತಾಳೆ. ಅಪ್ಪ ತೀರಿಕೊಂಡು ವರ್ಷ ದಾಟಿದ್ದು ಅವಳ ತಲೆಯಲ್ಲಿ ನಿಲ್ಲಲೇ ಇಲ್ಲ. ಅಪ್ಪ ಒಂದು ಪ್ರೆಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ. ದಿನಾ ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಮನೆಗೆ ಬರುತ್ತಿದ್ದ, ಹೊರಡುವ ಮುಂಚೆ ಫೋನ್ ಮಾಡುತ್ತಿದ್ದ. ಅಂಥ ಒಂದು ಕರೆ ಅಮ್ಮನ ಫೋನಿನಲ್ಲಿ ತಾನಾಗಿಯೇ ರೆಕಾರ್ಡ್ ಆಗಿ ಉಳಿದಿತ್ತು. ಹನ್ನೆರಡೇ ಸೆಕೆಂಡು. ಹಿಂದೆ ಮಷೀನಿನ ಗಡಗಡ, ಅದರ ಮೇಲೆ ಅಪ್ಪನ ದೊಡ್ಡ ಗಂಟಲು:

"ಹೊರಟೆ ಕಣೇ. ತಟ್ಟೆ ಹಾಕು. ನೀನು ಕಾಯ್ಬೇಡ, ಶುರು ಮಾಡು."

ಅಷ್ಟು ಕೇಳಿಸಿದರೆ ಅಮ್ಮ ಉಣ್ಣುತ್ತಿದ್ದಳು. ಕೇಳಿಸದಿದ್ದರೆ ಇಲ್ಲ. ಗಂಡ ಬರದೆ ತುತ್ತು ಮುಟ್ಟಿದವಳಲ್ಲ, ಅವನೇ ಶುರು ಮಾಡು ಅಂದರೆ ಮಾತ್ರ ತಟ್ಟೆಗೆ ಕೈ ಹಾಕುವಳು. ದಿನಾ ಒಂದೂವರೆಗೆ ಹೆಂಡತಿ ಅದನ್ನು ಹಾಕುತ್ತಿದ್ದಳು, ಅಮ್ಮ "ಸರಿ ಸರಿ, ಬೇಗ ಬನ್ನಿ" ಎಂದು ಫೋನಿಗೆ ಹೇಳಿ ಊಟಕ್ಕೆ ಕೂರುತ್ತಿದ್ದಳು. ತಟ್ಟೆ ತೊಳೆಯುವ ಹೊತ್ತಿಗೆ ಅಪ್ಪನೂ ಮರೆತುಹೋಗಿರುತ್ತಿದ್ದ.

ಆ ಹಳೆ ಫೋನಿನ ಬ್ಯಾಟರಿ ಊದಿಕೊಂಡು ಒಡೆಯುವ ಹಾಗಾದಾಗ ನಾನೇ ಈ ಹೊಸ ಮಾಡೆಲು ತಂದುಕೊಟ್ಟೆ. ಕಾರ್ಡಿನಲ್ಲಿದ್ದ ಅಪ್ಪನ ದನಿಯನ್ನು ಹೊಸದಕ್ಕೆ ದಾಟಿಸಿದೆ. ದಾಟಿಸಿದ ಕೂಡಲೇ ಹಳೆ ಕಾರ್ಡನ್ನು ಒರೆಸಿಬಿಟ್ಟೆ. ಗಿರಾಕಿಯ ಗುಟ್ಟು ಅಂಗಡಿಯಲ್ಲಿ ಉಳಿಯಬಾರದು ಎಂಬುದು ಮೊದಲಿನಿಂದಲೂ ನನ್ನ ರೂಢಿ. ಆ ಗಿರಾಕಿ ನನ್ನ ಹೆತ್ತ ತಾಯಿ ಎಂಬುದು ಕೈಗೆ ಗೊತ್ತಾಗಬೇಕಲ್ಲ! ಕಾರ್ಡು ಇನ್ಯಾರದೋ ಫೋನಿಗೆ ಹೋಯಿತು.

ಹೋದ ತಿಂಗಳು ಫೋನಿನ ದನಿ ಕ್ಷೀಣವಾಯಿತು. ಅಮ್ಮ ಯಾವಾಗಲೂ ಪೌಡರ್ ಮೆತ್ತಿದ ಕೈಯಲ್ಲೇ ಅದನ್ನು ಹಿಡಿಯುವುದು, ಸ್ಪೀಕರಿನ ಸಂದಿ ಕಟ್ಟಿಕೊಂಡಿತ್ತು. ಅಪ್ಪನ ದನಿ ಪಿಸುಪಿಸು ಎನ್ನತೊಡಗಿತು. ಅಮ್ಮ ಕಂಗಾಲಾದಳು.

"ಎಲ್ಲಿಗೋ ದೂರ ಹೋಗ್ಬಿಟ್ಟಿದಾರೆ ಕಣೋ. ಸರಿಯಾಗಿ ಕೇಳಿಸ್ತಾನೇ ಇಲ್ಲ."

"ಸ್ಪೀಕರ್ ಕ್ಲೀನ್ ಮಾಡಿದ್ರೆ ಆಯ್ತಮ್ಮಾ. ಇಪ್ಪತ್ತು ನಿಮಿಷದ ಕೆಲಸ," ಎಂದೆ.

ಹೆಂಡತಿ ಬಾಗಿಲವರೆಗೂ ಬಂದಳು. "ರೀ, ಬಿಚ್ಚೋ ಮೊದ್ಲು ಆ ಮಾತನ್ನ ನಿಮ್ಮ ಫೋನಿಗೆ ಹಾಕ್ಕೊಳ್ಳಿ."

"ನನಗೇ ಪಾಠ ಹೇಳ್ತೀಯಾ?"

ನನ್ನ ಅಂಗಡಿಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದೆ: ಕಾಪಿ ಮಾಡಿಕೊಂಡೇ ಫೋನ್ ಕೊಡಿ, ಒಳಗಿರುವುದಕ್ಕೆ ನಾವು ಹೊಣೆಯಲ್ಲ. ಓದದೆ ಬಂದವರನ್ನು ನಾನು ಹಿಗ್ಗಾಮುಗ್ಗಾ ಬೈದು ವಾಪಸ್ ಕಳಿಸಿದ್ದೇನೆ. ಅವತ್ತು ಹನ್ನೊಂದು ಗಂಟೆಗೆ ಆ ಗೋಡೆಗೇ ಬೆನ್ನು ಹಾಕಿ ಕೂತು ಅಮ್ಮನ ಫೋನನ್ನು ಬಿಸಿ ಹಲಗೆಯ ಮೇಲಿಟ್ಟೆ.

ಈ ಕಂಪನಿಯ ಫೋನು ತೆರೆಯುವುದು ಬಲಬದಿಯ ಕೆಳಮೂಲೆಯಿಂದ. ಅಲ್ಲಿ ಸ್ಪೀಕರಿನ ಡಬ್ಬಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಂಟು ಮೆತ್ತಗಾದ ಮೇಲೆ ತೆಳು ಬ್ಲೇಡನ್ನು ಬೆರಳುಗುರಿನಷ್ಟು ಒಳಗೆ ನುಗ್ಗಿಸಿ ಸರ್ರನೆ ಎಳೆದರೆ ಬೆನ್ನು ಬಿಟ್ಟುಕೊಳ್ಳುತ್ತದೆ. ಸಾವಿರಾರು ಸಲ ಮಾಡಿದ್ದೇನೆ. ಕಣ್ಣು ರಸ್ತೆಯ ಮೇಲಿದ್ದರೂ ಕೈ ತಾನೇ ಮಾಡುತ್ತದೆ. ಅವತ್ತೂ ಹಾಗೇ ಮಾಡಿತು. ಎಳೆಯುವಾಗ ಒಳಗೆ ಏನೋ ಟಿಕ್ ಎಂದಿತು.

ಈ ಹೊಸ ಮಾಡೆಲನ್ನು ನಾನು ಬಿಚ್ಚಿದ್ದು ಅದೇ ಮೊದಲು, ತೆರೆದು ನೋಡಿದರೆ ಒಳಗಿನ ಲೋಕವೇ ತಿರುಗುಮುರುಗಾಗಿತ್ತು. ಮೂರು ಕ್ಯಾಮೆರಾಗಳಿಗೆ ಮೇಲೆ ಜಾಗ ಬೇಕಾಗಿ ಸ್ಪೀಕರನ್ನು ಎಡಕ್ಕೆ ಅಟ್ಟಿದ್ದರು, ಬೋರ್ಡನ್ನು ಕೆಳಗೆ ಬಲಮೂಲೆಗೆ ಇಳಿಸಿದ್ದರು. ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಚಿಪ್ಪು ನನ್ನ ಬ್ಲೇಡಿನ ದಾರಿಗೆ ಸರಿಯಾಗಿ ಕೂತಿತ್ತು. ದೀಪ ಹಾಕಿ ಭೂತಗನ್ನಡಿಯಲ್ಲಿ ನೋಡಿದೆ. ಆ ಚಿಪ್ಪು ಮೂಲೆಯಿಂದ ಮೂಲೆಗೆ ಸೀಳಿತ್ತು. ಚಿಪ್ಪಿನ ಕೆಲಸ ಮಾಡುವ ಇಬ್ಬರಿಗೆ ತೋರಿಸಿದೆ. ಒಬ್ಬ, ಒಳಗಿದ್ದದ್ದು ಇನ್ನು ಸಿಗುವುದಿಲ್ಲ ಎಂದ. ಇನ್ನೊಬ್ಬ, "ಏನ್ ಡಾಕ್ಟ್ರೇ, ನೀವೇ ಹಿಂಗ್ ಮಾಡ್ಬಿಟ್ರೆ ಹೆಂಗೆ?" ಎಂದ. ಹೆಂಡತಿ ಹೇಳಿದ ಕೆಲಸಕ್ಕೆ ಒಂದು ನಿಮಿಷವೂ ಹಿಡಿಯುತ್ತಿರಲಿಲ್ಲ. ನನ್ನ ಕೈ ಕತ್ತರಿಸಿಹೋಗಬಾರದಿತ್ತೇ ಅನ್ನಿಸಿತು.

ಒಂದೂವರೆಗೆ ಅಮ್ಮ ತಲೆ ಬಾಚಿಕೊಂಡು ಎರಡು ತಟ್ಟೆ ಹಾಕಿ ಕೂತಿದ್ದಳು.

"ಅಪ್ಪ ಫೋನ್ ಮಾಡಿದ್ರಾ?"

"ಮಾಡಿದ್ರಮ್ಮಾ. ಬರ್ತಾರೆ, ನೀನು ಶುರು ಮಾಡು."

"ಅವರು ಬರ್ಲಿ."

ಸಂಜೆವರೆಗೂ ಹಾಗೇ ಕೂತಳು. ಊಟ ಆರಿಹೋಯಿತು. ಎರಡು ಲೋಟ ನೀರು ಬಿಟ್ಟು ಏನನ್ನೂ ಮುಟ್ಟಲಿಲ್ಲ.

"ನಿಮ್ಮ ಗಂಟಲು ಮಾವಂದೇ ಅಲ್ವಾ, ನೀವೇ ಹೇಳಿ ರೆಕಾರ್ಡ್ ಮಾಡ್ರಿ," ಎಂದಳು ಹೆಂಡತಿ. ಮರುದಿನ ಅಪ್ಪನ ಪ್ರೆಸ್ಸಿಗೇ ಹೋದೆ. ಮಷೀನಿನ ಪಕ್ಕ ನಿಂತು, ನಾಚಿಕೆ ಬಿಟ್ಟು, ಅಪ್ಪನ ಹಾಗೆ ಕೂಗಿದೆ. ಕೆಲಸದವರು ತಲೆ ಬಗ್ಗಿಸಿಕೊಂಡರು. ಮನೆಗೆ ಬಂದು ಅಮ್ಮನ ಕಿವಿಗೆ ಹಿಡಿದೆ. ಅವಳು ಪೂರ್ತಿ ಕೇಳಿ ನನ್ನ ಮುಖ ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನನ್ನ ಗುರುತು ಚೆನ್ನಾಗಿ ಹತ್ತಿತ್ತು.

"ಇದು ನೀನಲ್ವೇನೋ? ಅಪ್ಪನ ಥರ ಯಾಕೋ ಅಣಕಿಸ್ತೀಯಾ? ಅವರೆಲ್ಲಿ?"

ಅವತ್ತೂ ಉಪವಾಸ. ಮೂರನೆಯ ದಿನ ನಿಂತರೆ ಅವಳ ಕಾಲು ನಡುಗುತ್ತಿತ್ತು. ನನಗೆ ಬೇರೆ ದಾರಿ ಕಾಣಲಿಲ್ಲ. ಪಕ್ಕದಲ್ಲಿ ಕೂತು, ಕೈ ಹಿಡಿದುಕೊಂಡು ಹೇಳಿಬಿಟ್ಟೆ.

"ಅಮ್ಮಾ, ಅಪ್ಪ ಬರಲ್ಲ. ಅಪ್ಪ ಹೋಗ್ಬಿಟ್ರು."

ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಬಾಯಿಂದ ಬಂದ ಸದ್ದನ್ನು ನಾನು ಹೇಳಲಾರೆ. ಅಪ್ಪ ಸತ್ತ ದಿನವೂ ಹಾಗೇ ಕೂಗಿದ್ದಳು.

"ಯಾವಾಗ? ನನಗ್ಯಾಕೆ ಯಾರೂ ಹೇಳ್ಲಿಲ್ಲ? ನಾನಿರ್ಲಿಲ್ವಾ?"

"ಇದ್ದೆ ಅಮ್ಮಾ. ಅಪ್ಪನ ತಲೆ ನಿನ್ನ ತೊಡೆ ಮೇಲೇ ಇತ್ತು."

ಅರ್ಧ ಗಂಟೆ ಎದೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕೆನ್ನೆ ಮುಟ್ಟಿದಳು. "ನೀನು ಉಂಡಿಯೇನೋ?"

"ಇಲ್ಲ."

"ಅಪ್ಪ ಇಲ್ಲ ಅಂತ ಹೊಟ್ಟೆಗಿಲ್ದೆ ಇರ್ತೀಯಾ? ಬಾ ಕೂತ್ಕೋ. ನಾನೂ ತಿಂತೀನಿ, ನೀನೂ ತಿನ್ನು."

ನನ್ನ ಜೊತೆ ತಟ್ಟೆ ಖಾಲಿ ಮಾಡಿದಳು. ಒಳಗಿನಿಂದ ಹೆಂಡತಿ "ಉಂಡ್ರಲ್ಲಾ!" ಎಂದು ಓಡಿಬಂದವಳು ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಯೋಚಿಸುತ್ತಿದ್ದದ್ದು ಅವಳಿಗೂ ಹೊಳೆದಿತ್ತು.

ಮರುದಿನ ಅಮ್ಮ ಮತ್ತೆ ತಲೆ ಬಾಚಿಕೊಂಡು, ನಗುನಗುತ್ತಾ, ಎರಡು ತಟ್ಟೆ ಹಾಕಿದಳು. ಮತ್ತೆ ಹೇಳಿದೆ. ಮತ್ತೆ ಹಾಗೇ ಕೂಗಿದಳು, ಯಾವಾಗ ಎಂದು ಕೇಳಿದಳು, ಮುಖ ಒರೆಸಿಕೊಂಡು ನನ್ನ ಜೊತೆ ಉಂಡಳು. ಅದರ ಮರುದಿನವೂ ಅಷ್ಟೇ. ನಡುವೆ ಒಂದು ದಿನ ನನ್ನ ಕೈಲಾಗಲಿಲ್ಲ, ಬರ್ತಾರೆ ಎಂದುಬಿಟ್ಟೆ. ಅವತ್ತು ಉಪವಾಸ ಬಿದ್ದಳು.

ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಡಾಕ್ಟರು ಅಮ್ಮನ ತೂಕ ನೋಡಿ ಖುಷಿಪಟ್ಟರು.

"ಪರವಾಗಿಲ್ವೇ, ಚೆನ್ನಾಗಿ ಊಟ ಮಾಡ್ತಿದಾರೆ. ಏನು ಮಾಡ್ತಿದೀರೋ ಅದನ್ನೇ ಮಾಡ್ತಾ ಹೋಗಿ. ಒಂದು ದಿನಾನೂ ತಪ್ಪಿಸ್ಬೇಡಿ."

ಹೂಂ ಎಂದೆ. ಹೊರಗೆ ಬಂದಾಗ ಗಂಟೆ ಒಂದಾಗಿತ್ತು. "ಬೇಗ ನಡಿಯೋ, ಅವರು ಊಟಕ್ಕೆ ಬರೋ ಹೊತ್ತಾಯ್ತು," ಎಂದು ಅಮ್ಮ ನನ್ನ ಕೈ ಹಿಡಿದು ಅವಸರ ಮಾಡಿದಳು. ಆಟೋ ಹಿಡಿದು ಮನೆಗೆ ಹೊರಟೆವು.