ಹಾರ್ನಿನ ಬಾಯೊಳಗಿನ ಕೈ

ಸುದ್ದಿ ಬಂದಾಗ ಪ್ರಭಾ ಜಗಲಿಗೆ ಸಗಣಿ ನೀರು ಹಾಕಿ ಒರೆಸುತ್ತಿದ್ದಳು. ಅದು ದಿನದ ಕೆಲಸ. ಗಂಡ ಜಯಸಿಂಹ ಬೆಳಗ್ಗೆ ಎದ್ದು ಜಗಲಿಯ ಮೇಲೆ ಕೂತು ಫ್ರೆಂಚ್ ಹಾರ್ನ್ ಊದುತ್ತಿದ್ದ. ನಡುನಡುವೆ ನಿಲ್ಲಿಸಿ, ಆ ಹಿತ್ತಾಳೆಯ ಸುರುಳಿಯನ್ನು ಅತ್ತ ಇತ್ತ ಹೊರಳಿಸಿ, ಒಳಗೆ ಕೂಡಿದ ನೀರನ್ನು ನೆಲಕ್ಕೆ ಸುರಿಯುತ್ತಿದ್ದ. ಆಮೇಲೆ ಪೀಣ್ಯದ ಕಾರ್ಖಾನೆಗೆ ಸೈಕಲ್ ಹತ್ತುತ್ತಿದ್ದ. ನೀರು ಮಾತ್ರ ಪ್ರಭಾಳ ಪಾಲಿಗೆ.

"ಊದಿದ ಬಾಯಿಯ ಎಂಜಲು ಕಣೇ ಅದು," ಎನ್ನುತ್ತಿದ್ದರು ಅತ್ತೆ ಅನುಸೂಯಮ್ಮ. "ಆ ಹಾರ್ನು ಹೊಸ್ತಿಲು ದಾಟಿ ಒಳಗೆ ಬಂದ್ರೆ, ನಾನು ಹೊಸ್ತಿಲು ದಾಟಿ ಹೊರಗೆ ಹೋಗ್ತೀನಿ."

ಹಾಗಾಗಿ ಹಾರ್ನ್ ಹಳೇ ಪಂಚೆ ಸುತ್ತಿಕೊಂಡು ಜಗಲಿಯ ಗೂಡಿನಲ್ಲೇ ಮಲಗುತ್ತಿತ್ತು. ಮುಟ್ಟಿದವರು ಕೈ ತೊಳೆಯದೆ ಒಳಗೆ ಬರುವಂತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಪ್ರಭಾ ಅದನ್ನು ಮುಟ್ಟಿರಲೇ ಇಲ್ಲ. ಅವಳಜ್ಜಿ ಹೇಳುತ್ತಿದ್ದ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದಲ್ಲ, ಹಾಗೆ ತನ್ನ ಗಂಡನ ಪ್ರಾಣ ಈ ಗೂಡಿನಲ್ಲಿದೆ ಎಂದು ಅವಳಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಹೊಟ್ಟೆಕಿಚ್ಚು ಬಂತು.

"ಪ್ರಭಮ್ಮೋ!" ಮನೆ ಬಾಡಿಗೆಗೆ ಕೊಟ್ಟಿದ್ದ ರಾಮಕ್ಕ ರಸ್ತೆ ಕಡೆಯಿಂದ ಓಡಿ ಬಂದಳು. ಸೆರಗು ನೆಲ ಗುಡಿಸುತ್ತಿತ್ತು. "ನಿಮ್ಮ ಯಜಮಾನ್ರ ಬಲಗೈ ಮಿಸನ್ನಿಗೆ ಸಿಗಾಕ್ಕೊಂಡೈತಂತೆ ಕಣವ್ವಾ. ವ್ಯಾನು ಬಂದೈತೆ. ಇರೋ ಸೀರೇಲಿ ಅಂಗೇ ಬಾ!"

ಪ್ರಭಾಳಿಗೆ ಮುಂದಿನದು ಸರಿಯಾಗಿ ನೆನಪಿಲ್ಲ. ಆಸ್ಪತ್ರೆಗೆ ಬಂದು ನೋಡಿದರೆ ತನ್ನ ಕೈ ಇನ್ನೂ ಸಗಣಿ ವಾಸನೆ ಹೊಡೆಯುತ್ತಿತ್ತು. ಮಂಚದ ಮೇಲೆ ಜಯಸಿಂಹ. ಅವನ ಬಲಗೈಯ ಜಾಗದಲ್ಲಿ ಒಂದು ದೊಡ್ಡ ಬಿಳಿ ಉಂಡೆ. ಅಂಗೈ ಉಳಿದಿದೆ, ಹೆಬ್ಬೆರಳು ಉಳಿದಿದೆ, ಮಿಕ್ಕ ಬೆರಳು ತಗಡು ಒತ್ತುವ ಪ್ರೆಸ್ಸಿನ ಕೆಳಗೇ ಹೋದವು ಎಂದರು ಡಾಕ್ಟರು. ತಾಳಿ ಕಟ್ಟಿದ ಬೆರಳುಗಳು. ಅನ್ನ ಕಲಸುವ ಬೆರಳುಗಳು. ಇನ್ನು ಈ ಮನುಷ್ಯ ಎಡಗೈಯಲ್ಲಿ ಉಣ್ಣುವುದೇ? ಅವಳಿಗೆ ಅಳು ಕೂಡ ಬರಲಿಲ್ಲ.

ಜಯಸಿಂಹ ಕಣ್ಣು ಬಿಟ್ಟ. ಬಲಗೈ ಕಡೆ ನೋಡಲಿಲ್ಲ. ಎಡಗೈಯ ಮೂರು ಬೆರಳನ್ನು ಹೊದಿಕೆಯ ಮೇಲೆ ಒಂದೊಂದಾಗಿ ಒತ್ತಿ ನೋಡಿದ. ನಾಲಿಗೆಯನ್ನು ಹಲ್ಲಿನ ಸಾಲಿನ ಮೇಲೆ ಆಡಿಸಿದ. ಪ್ರೆಸ್ಸಿನ ಮುಂದೆ ಮುಖ ಅಡಿಯಾಗಿ ಬಿದ್ದಿದ್ದನಂತೆ, ತುಟಿ ಊದಿತ್ತು.

"ಪ್ರಭಾ, ನನ್ನ ಮುಂದಿನ ಹಲ್ಲು ನೋಡೆ. ಅಲ್ಲಾಡ್ತಿದ್ಯಾ?"

"ಹಲ್ಲಾ?"

"ಮೇಲಿನವು. ಮುಟ್ಟಿ ನೋಡು."

ಅವಳು ಮುಟ್ಟಿ ನೋಡಿದಳು. ಹಲ್ಲು ಗಟ್ಟಿಯಾಗಿತ್ತು. ಅವನ ಮುಖದ ಮೇಲೆ ನಗು ಹರಡಿತು. ಪೆಟ್ಟಿಗೆ ಬುದ್ಧಿ ಹೋಗಿದೆ ಎಂದುಕೊಂಡಳು ಪ್ರಭಾ. ಅಷ್ಟರಲ್ಲಿ ಕಾರ್ಖಾನೆಯ ಬ್ಯಾಂಡ್ ಮಾಸ್ಟರ್ ಗೋಪಾಲಪ್ಪ ಬಾಗಿಲು ತಳ್ಳಿಕೊಂಡು ಬಂದರು. ಮಿಲಿಟರಿ ಬ್ಯಾಂಡಿನಲ್ಲಿದ್ದು ರಿಟೈರ್ ಆದವರು, ಭಾರಿ ಎತ್ತರದ ಮನುಷ್ಯ. ಬಂದವರೇ ಕೇಳಿದರು:

"ಯಾವ ಕೈ?"

"ಬಲಗೈ ಸಾರ್," ಎಂದ ಜಯಸಿಂಹ.

"ಬಲಗೈನಾ! ಅಯ್ಯಪ್ಪಾ, ಬದುಕ್ಕೊಂಡ್ವಿ ಗುರು! ಹಲ್ಲು?"

"ಎಲ್ಲಾ ಇದಾವೆ ಸಾರ್."

ಇಬ್ಬರೂ ಸೇರಿ ನಕ್ಕರು. ಪಕ್ಕದ ಮಂಚದ ರೋಗಿ ಎದ್ದು ಕೂತು ನೋಡಿದ. ಪ್ರಭಾ ಮಂಚದ ಕಂಬಿ ಹಿಡಿದುಕೊಂಡಳು.

"ಯಾಕ್ರೀ ನಗ್ತೀರಾ? ಕೈ ಹೋಗಿದೆ ಕಣ್ರೀ. ಕೈ!"

ಗೋಪಾಲಪ್ಪ ನಾಲಿಗೆ ಕಚ್ಚಿಕೊಂಡರು. "ತಪ್ಪಾಯ್ತು ತಾಯಿ. ಬೇರೆ ವಾದ್ಯದೋನಾಗಿದ್ರೆ ಇವತ್ತಿಗೆ ಮುಗೀತಿತ್ತು. ಹಾರ್ನಿಗೆ ಊದೋದು ತುಟಿ, ಒತ್ತೋದು ಎಡಗೈ. ಬಲಗೈಗೆ ಏನ್ ಕೆಲಸ? ಹಾರ್ನಿನ ಆ ಕಡೆಯ ಅಗಲ ಬಾಯೊಳಗೆ ಸುಮ್ನೆ ಕೂತಿರತ್ತೆ, ಮನೆ ಅಳಿಯನ ಥರ."

ಜಯಸಿಂಹ ಮತ್ತೆ ನಕ್ಕ. ಇಷ್ಟು ವರ್ಷ ದಿನಾ ಕೇಳಿದ ವಾದ್ಯವನ್ನು ಯಾವ ಕೈಯಲ್ಲಿ ನುಡಿಸುತ್ತಾರೆ ಎಂದೂ ತಾನು ನೋಡಿರಲಿಲ್ಲವಲ್ಲ ಎಂದು ಪ್ರಭಾಳಿಗೆ ಆಗ ಹೊಳೆಯಿತು. ಆದರೂ ಸಂಜೆ ಅನ್ನ ಕಲಸಿ ಅವನ ಬಾಯಿಗೆ ತುತ್ತಿಟ್ಟದ್ದು ಸಿಟ್ಟಿನಲ್ಲೇ.

ಮನೆಗೆ ಬಂದ ಮೇಲೂ ಅವನು ಹಾಗೇ ಇದ್ದ. ಸ್ಟೋರ್ಸಿನಲ್ಲಿ ಕೆಲಸ ಕೊಡುತ್ತೇವೆ ಎಂದು ಕಾರ್ಖಾನೆಯವರು ಹೇಳಿಕಳಿಸಿದರೆ ಸರಿ ಎಂದ, ಅಷ್ಟೇ. ಅವನು ಕಾಯುತ್ತಿದ್ದದ್ದು ತುಟಿಯ ಊತ ಇಳಿಯುವುದಕ್ಕೆ. ಇಳಿದ ದಿನ ಜಗಲಿಗೆ ಬಂದು ಕೂತ. ಪ್ರಭಾ ಪಂಚೆಯ ತುದಿಯಲ್ಲೇ ಹಿಡಿದು ಹಾರ್ನನ್ನು ಅವನ ತೊಡೆಯ ಮೇಲಿಟ್ಟಳು. ಬ್ಯಾಂಡೇಜಿನ ಕೈಯನ್ನು ದೂರ ಚಾಚಿ, ಎಡಗೈ ಬೆರಳನ್ನು ಜಾಗಕ್ಕಿಟ್ಟು, ಅವನು ಊದಿದ.

ಹೊರಬಿದ್ದದ್ದು ತಗಡಿನ ಕೂಗು. ಚೂಪಾಗಿ, ಬತ್ತಲೆಯಾಗಿ, ಇರಬೇಕಾದ ಜಾಗಕ್ಕಿಂತ ಮೇಲೆಲ್ಲೋ ಅರಚಿತು. ರಾಮಕ್ಕನ ಮೇಕೆ ಗೂಟದ ಹತ್ತಿರ ಬೆಚ್ಚಿ ಎದ್ದು ನಿಂತಿತು.

"ಅಯ್ಯೋ, ಇತ್ತಾಳೆ ಜಿಲೇಬಿಗೂ ನೆಗಡಿ ಆಗೈತಾ?" ರಾಮಕ್ಕ ಬೇಲಿಯಾಚೆಯಿಂದ ಕೂಗಿದಳು.

ಅವನು ಇನ್ನೊಮ್ಮೆ ಊದಿದ. ಮತ್ತೆ ಅದೇ. ಬ್ಯಾಂಡೇಜಿನ ಉಂಡೆಯನ್ನೇ ಹಾರ್ನಿನ ಬಾಯೊಳಗೆ ತುರುಕಲು ಹೋಗಿ "ಅಮ್ಮಾ!" ಎಂದು ಚೀರಿದ. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕಿ ಮೂಡಿತು. ಅವನ ಮುಖ ನೋಡಿ ಪ್ರಭಾ ಗೋಡೆಗೊರಗಿದಳು. ಪ್ರೆಸ್ಸಿಗೆ ಕೈ ಸಿಕ್ಕಿದ್ದು ಅವನಿಗೆ ಈಗ ಗೊತ್ತಾಗುತ್ತಿತ್ತು.

"ಇದು ನಂದಲ್ಲ," ಎಂದ. "ಈ ಸದ್ದು ನಂದಲ್ಲ."

ಅವತ್ತಿನಿಂದ ಅವನು ನಗಲಿಲ್ಲ. ತುತ್ತಿಟ್ಟರೆ ಬಾಯಿ ತೆರೆಯುತ್ತಿದ್ದ, ತೆರೆದದ್ದನ್ನು ಮುಚ್ಚಲು ಮರೆಯುತ್ತಿದ್ದ. ಭಾನುವಾರ ಗೋಪಾಲಪ್ಪ ನೋಡಲು ಬಂದಾಗ ತಲೆಯೆತ್ತದೆ ಹೇಳಿದ: "ಹಾರ್ನ್ ತಗೊಂಡ್ಹೋಗಿ ಸಾರ್. ಕೈ ನೆಟ್ಟಗಿರೋ ಯಾರಿಗಾದ್ರೂ ಕೊಡಿ."

"ಗಾಯ ಮಾಗ್ಲಿ ಕಣಯ್ಯ. ಅಂಗೈ ಇದೆಯಲ್ಲ, ಅದ್ರಲ್ಲೇ ದಾರಿ ಹುಡ್ಕೋಣ."

"ಬಲಗೈನ ಮನೆ ಅಳಿಯ ಅಂದ್ರಿ. ಮನೇನೆ ಅವನದಾಗಿತ್ತು ಸಾರ್, ಸದ್ದು ತಿದ್ದುತ್ತಿದ್ದೋನೇ ಅವನು. ನಂಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ತಗೊಂಡ್ಹೋಗಿ."

ಗೋಪಾಲಪ್ಪ ಪಂಚೆ ಸುತ್ತಿ ಹಾರ್ನನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದರು. ಸಗಣಿ ನೀರಿನ ಕೆಲಸ ತಪ್ಪಿತು ಎಂದು ಪ್ರಭಾ ನಿಟ್ಟುಸಿರು ಬಿಡಬೇಕಿತ್ತು. ಬಿಡಲು ಹೋದರೆ ಉಸಿರೇ ಇರಲಿಲ್ಲ. ಗಿಳಿ ಹೊರಟಿತ್ತು.

"ಇರಿ!" ಎಂದಳು. ತನ್ನ ದನಿಗೆ ತಾನೇ ಬೆಚ್ಚಿದಳು. "ಒಳಗೆ ಆ ಕೈ ಹೇಗಿರ್ತಿತ್ತು, ತೋರಿಸಿ."

ಗೋಪಾಲಪ್ಪ ತಿರುಗಿ ನಿಂತು ಬಲಗೈ ಮುಂದೆ ಮಾಡಿದರು. ಬೆರಳು ಕೂಡಿಸಿ, ಅಂಗೈ ಸ್ವಲ್ಪ ಗುಳಿ ಮಾಡಿ. "ಹಿಂಗೆ ತಾಯಿ. ತೀರ್ಥಕ್ಕೆ ಕೈಯೊಡ್ಡಿದ ಹಾಗೆ."

ತೀರ್ಥಕ್ಕೆ ಕೈಯೊಡ್ಡುವುದು ಅವಳಿಗೆ ಗೊತ್ತಿತ್ತು. ಹಾರ್ನನ್ನು ಅವರ ಕೈಯಿಂದ ತೆಗೆದುಕೊಂಡಳು, ಪಂಚೆ ಬಿಚ್ಚಿ ಎಸೆದು ಬರಿಗೈಯಲ್ಲೇ ಹಿಡಿದು ಗಂಡನ ತೊಡೆಯ ಮೇಲಿಟ್ಟಳು. ಅವನ ಬಲಕ್ಕೆ, ಸ್ವಲ್ಪ ಹಿಂದೆ ಕೂತು, ಕೈಯನ್ನು ಒಳಗೆ ತೂರಿಸಿದಳು. ಹಿತ್ತಾಳೆ, ಬಾವಿಯ ಗೋಡೆಯಂತೆ ತಣ್ಣಗಿತ್ತು.

"ಪ್ರಭಾ, ಏನಿದು? ಎಂಜಲು..."

"ಊದಿ ಅಂದೆ."

ಅವನು ಊದಿದ. ಅವಳ ಅಂಗೈಗೆ ಬೆಚ್ಚಗೆ ಏನೋ ಬಂದು ತಾಗಿತು. ಅವಳು ಕೈ ಕಿತ್ತುಕೊಳ್ಳುವುದರಲ್ಲಿದ್ದಳು. ನಡುಕ ಮೊಣಕೈವರೆಗೆ ಹತ್ತಿತು, ಕೈಯೊಳಗೆ ಜೀವವಿರುವ ಪುಟ್ಟದೊಂದು ಮೈ ಮಿಡುಕುವ ಹಾಗೆ. ಗಿಳಿ ಹಿಡಿದವನ ಕೈಗೆ ಹೇಗನ್ನಿಸಿತು ಎಂದು ಅಜ್ಜಿ ಯಾವತ್ತೂ ಹೇಳಿರಲಿಲ್ಲ. ತಗಡಿನ ಕೂಗು ಎಲ್ಲಿ ಹೋಯಿತೋ, ಸದ್ದು ಮೆತ್ತಗಾಗಿ, ದುಂಡಗಾಗಿ, ತನ್ನ ಜಾಗಕ್ಕೆ ಬಂದು ಕೂತಿತು.

ಜಯಸಿಂಹ ಹಾರ್ನನ್ನು ಬಾಯಿಂದ ತೆಗೆದು ಅವಳನ್ನು ನೋಡಿದ. ದೆವ್ವ ಕಂಡವನ ಕಣ್ಣು.

"ಒಂಚೂರು ಮುಚ್ಚು," ಎಂದ, ಒಡೆದ ದನಿಯಲ್ಲಿ. "ಹಾಂ... ಈಗ ಬಿಡು. ಅಷ್ಟೇ. ಅಲ್ಲಾಡಿಸ್ಬೇಡ."

ಬೆಳಗಿನ ಅವನ ಹಳೇ ರಾಗ ಶುರುವಾಯಿತು. ಎಡವಿತು, ಎದ್ದಿತು. ಗೋಪಾಲಪ್ಪ ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಬೇಲಿಯಾಚೆ ರಾಮಕ್ಕ ಮೇಕೆಯ ಹಗ್ಗ ಹಿಡಿದು ನಿಂತಳು.

ಆಗ ಹೊಸ್ತಿಲಲ್ಲಿ ನೆರಳಾಡಿತು. ಅನುಸೂಯಮ್ಮ ದೇವರ ಮನೆಯಿಂದ ಮಡಿ ಸೀರೆಯಲ್ಲೇ ಎದ್ದು ಬಂದಿದ್ದರು. ಸೊಸೆಯ ಕೈ ಹಾರ್ನಿನ ಬಾಯೊಳಗೆ ಮಣಿಕಟ್ಟಿನವರೆಗೆ ಮುಳುಗಿರುವುದನ್ನು ನೋಡಿ ಗಲ್ಲಕ್ಕೆ ಕೈಯಿಟ್ಟು ನಿಂತರು. ಪ್ರಭಾ ಕೈ ತೆಗೆಯಲಿಲ್ಲ. ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡು, ಅತ್ತೆಯ ಮುಖವನ್ನೇ ನೋಡುತ್ತ ಕೂತಳು.

"ಬಳೆ ಸದ್ದಾಗ್ತಿದೆ ಕಣೇ," ಎಂದರು ಅನುಸೂಯಮ್ಮ. "ಮೇಲಕ್ಕೆ ಏರಿಸ್ಕೋ."